ಹಾಡಬೇಡ, ಅರ್ಥ ಹೇಳು

ಕಳೆದ ಶ್ರಾವಣದ ಒಂದು ಸಂಜೆ ವೈಯಾಲಿಕಾವಲಿನ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. 1975ರ ಸುಮಾರಿಗೆ ನನ್ನಲ್ಲಿ ಕನ್ನಡ ಕಲಿತವರು. ಈಗ ಅವರೂ ನಿವೃತ್ತರು, ತಲೆ ನನ್ನದಕ್ಕಿಂತ ಬೆಳ್ಳಗಾಗಿದೆ. ಕಾಫಿ ಮುಗಿದ ಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಕುಮಾರವ್ಯಾಸ ಭಾರತದ ಗಮಕ ವಾಚನವೊಂದನ್ನು ಹಾಕಿದರು. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ. ಹೆಂಗಳೆಯರ ಮುಂದೆ ಆ ರಾಜಕುಮಾರ ಕೊಚ್ಚಿಕೊಳ್ಳುವ ಭಾಗ ಬಂದಾಗ ನಾವಿಬ್ಬರೂ ನಕ್ಕೆವು. ವಾಚನ ಮುಗಿಯಿತು. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು: "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನಿಮ್ಮ ತರಗತಿಯಲ್ಲಿ ಈ ಪದ್ಯಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಂದು ದಿನ ನಾನು ನಮ್ಮ ತಾತ ಹೇಳಿಕೊಟ್ಟ ಹಾಗೆ ರಾಗವಾಗಿ ಓದಿದೆ. ನೀವು 'ಹಾಡಬೇಡ, ಅರ್ಥ ಹೇಳು' ಎಂದಿರಿ. ಇಡೀ ತರಗತಿ ನಕ್ಕಿತು. ಆಮೇಲೆ ನಲವತ್ತು ವರ್ಷ ನಾನು ಹಳಗನ್ನಡ, ನಡುಗನ್ನಡ ಯಾವುದನ್ನೂ ಮುಟ್ಟಲಿಲ್ಲ."

ನನಗೆ ಆ ಘಟನೆ ಎಳ್ಳಷ್ಟೂ ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತು ಎಂಬುದರಲ್ಲಿ ಅನುಮಾನವೂ ಇರಲಿಲ್ಲ. ಎಷ್ಟು ಸಲ, ಎಷ್ಟು ಮಕ್ಕಳಿಗೆ ಹಾಗೆ ಹೇಳಿದ್ದೇನೆಯೋ! ಹೊರಡುವಾಗ ಅವರು ಒಂದು ಪ್ರಶ್ನೆ ಬಿಟ್ಟುಹೋದರು: "ಜನ ಜಗಲಿಯ ಮೇಲೆ ಕೂತು ಕೇಳುತ್ತಿದ್ದ ಈ ಕಾವ್ಯ ಪರೀಕ್ಷೆಯ ಪ್ರಶ್ನೆಯಾದದ್ದು ಯಾವಾಗ, ಮೇಷ್ಟ್ರೇ?" ಅದಕ್ಕೆ ಉತ್ತರವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಅರ್ಧ ಚರಿತ್ರೆ, ಅರ್ಧ ತಪ್ಪೊಪ್ಪಿಗೆ.

ನಮ್ಮ ಅಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಕರ್ಣನ ಜನ್ಮರಹಸ್ಯವನ್ನು ಕೃಷ್ಣ ಹೇಳುವ ಭಾಗವೂ, ಜೈಮಿನಿ ಭಾರತದ ಚಂದ್ರಹಾಸನ ಕಥೆಯೂ ಆಕೆಗೆ ಪದ್ಯಸಮೇತ ಬರುತ್ತಿತ್ತು. ನಾನು ಚಿಕ್ಕವನಿದ್ದಾಗ, 1950ರ ದಶಕದಲ್ಲಿ, ಮಲ್ಲೇಶ್ವರದ ಕಡೆಯ ಒಂದು ದೇವಸ್ಥಾನದಲ್ಲಿ ಸಂಜೆ ಭಾರತವಾಚನ ನಡೆಯುತ್ತಿತ್ತು. ಒಬ್ಬರು ವಾಚನ ಮಾಡುವರು, ಇನ್ನೊಬ್ಬರು ವ್ಯಾಖ್ಯಾನ ಹೇಳುವರು. ಹೂಬತ್ತಿ ಹೊಸೆಯುತ್ತಿದ್ದ ಹೆಂಗಸರು, ಅಂಗಡಿ ಮುಚ್ಚಿ ಬಂದ ಶೆಟ್ಟರು, ಕಂಬಕ್ಕೊರಗಿ ತೂಕಡಿಸುವ ಮುದುಕರು, ಪ್ರಸಾದಕ್ಕಾಗಿ ಕಾಯುವ ನಮ್ಮಂಥ ಹುಡುಗರು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಹುಟ್ಟಿದ್ದು ಇಂಥ ಸಭೆಗಳಲ್ಲೇ ಇರಬೇಕು. 1955ರಲ್ಲಿ ಬೆಂಗಳೂರಿಗೆ ಆಕಾಶವಾಣಿ ಬಂದ ಮೇಲೆ ಗಮಕ ರೇಡಿಯೋ ಮೂಲಕ ಮನೆಯೊಳಕ್ಕೂ ಬಂತು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಷಟ್ಪದಿಯನ್ನು ಅಚ್ಚಿನಲ್ಲಿ ನೋಡಿದರೆ ಕಣ್ಣು ಎಡವುತ್ತದೆ. ಭಾಮಿನಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದವಾಗಿ, ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತವೆ. ಛಂದಸ್ಸಿನ ಸಾಲು ಮುಗಿಯುವ ಕಡೆ ಮಾತು ಮುಗಿಯುವುದಿಲ್ಲ. ಪದದ ನಡುವೆಯೇ ಸಾಲು ಮುರಿದು, ಉಳಿದ ಅಕ್ಷರಗಳು ಕೆಳಗಿನ ಸಾಲಿಗೆ ಇಳಿದಿರುತ್ತವೆ. ಜೊತೆಗೆ ಸಂಧಿಗಳ ಸರಪಣಿ. ಗಮಕಿಯ ಕೆಲಸವೇ ಈ ಗಂಟನ್ನು ಬಿಡಿಸುವುದು. ಎಲ್ಲಿ ಪದ ಒಡೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು, ಯಾವ ಮಾತನ್ನು ಎರಡು ಸಲ ಹೇಳಬೇಕು ಎಂಬುದು ಆತನಿಗೆ ಗೊತ್ತು. ಅಂದರೆ ಆ ರಾಗವೇ ಅರ್ಧ ಅರ್ಥ. 'ಹಾಡಬೇಡ, ಅರ್ಥ ಹೇಳು' ಎಂದಾಗ ನಾನು ಆ ಹುಡುಗನ ಕೈಯಲ್ಲಿದ್ದ ಬೀಗದಕೈಯನ್ನು ಕಿತ್ತುಕೊಂಡು, ಬಾಗಿಲು ತೆಗೆ ಎಂದು ಗದರಿಸಿದ್ದೆ.

ಹಿಂದಿನ ಕೂಲಿಮಠಗಳಲ್ಲಿಯೂ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಬಳಿಕ ಜೈಮಿನಿಯ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅಲ್ಲಿ ಬೆತ್ತವಿತ್ತು, ಕೋದಂಡವಿತ್ತು, ಅದೇನೂ ಸ್ವರ್ಗವಲ್ಲ. ಆದರೆ ಶಾಲೆಯಲ್ಲಿ ಕಲಿತ ಪದ್ಯ ಸಂಜೆ ದೇವಸ್ಥಾನದಲ್ಲಿ ಮತ್ತೆ ಕಿವಿಗೆ ಬೀಳುತ್ತಿತ್ತು. ಶಾಲೆಯ ಕಾವ್ಯ ಬೇರೆ, ಸುಖದ ಕಾವ್ಯ ಬೇರೆ ಎಂಬ ಭೇದ ಆಗ ಇರಲಿಲ್ಲ.

ಭೇದ ಬಂದದ್ದು ಅಚ್ಚು ಮತ್ತು ಪರೀಕ್ಷೆಗಳಿಂದ. 1848ರಿಂದ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಓಲೆಗರಿಯಲ್ಲಿದ್ದದ್ದು ಪುಸ್ತಕವಾಯಿತು, ಅದು ಮಹದುಪಕಾರವೇ. 1894ರಲ್ಲಿ ಕಿಟ್ಟೆಲ್ ಅವರ ಕೋಶ, 1898ರಲ್ಲಿ ರೈಸ್ ಅವರ ಸಂಪಾದಕತ್ವದಲ್ಲಿ ಪಂಪಭಾರತ, 1907ರಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂದವು. ಅದೇ ಕಾಲದಲ್ಲಿ ಇನ್ನೊಂದು ಯಂತ್ರವೂ ಓಡತೊಡಗಿತ್ತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ನಮ್ಮ ಸೆಂಟ್ರಲ್ ಕಾಲೇಜಿನ ಹುಡುಗರು ಅದರ ಪರೀಕ್ಷೆಗಳಿಗೇ ಕಟ್ಟುತ್ತಿದ್ದರು. ಇಂಗ್ಲಿಷ್ ಮೊದಲ ಪೀಠದಲ್ಲಿ, ಕನ್ನಡ ಮೂಲೆಯ ಮಣೆಯ ಮೇಲೆ. ವೆರಿಟಿ ಎಂಬ ವಿದ್ವಾಂಸರ ಟಿಪ್ಪಣಿಗಳ ಷೇಕ್ಸ್‌ಪಿಯರ್ ನಾಟಕಗಳನ್ನು ನಮ್ಮ ಹಿರಿಯರು ಓದಿ ಪಾಸಾದರು. ನಾಟಕಕ್ಕಿಂತ ಟಿಪ್ಪಣಿಯೇ ಹೆಚ್ಚು ಎಂದು ಗೊಣಗಿದವರೂ ಉಂಟು. ಕನ್ನಡ ಪದ್ಯವನ್ನೂ ನಾವು ಅದೇ ಅಚ್ಚಿಗೆ ಹಾಕಿದೆವು. ಪ್ರತಿಪದಾರ್ಥ, ಭಾವಾರ್ಥ, ಪ್ರಸ್ತಾರ ಹಾಕಿ ಗಣ ವಿಂಗಡಿಸಿ, ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ.

ಇದು ಸರಿಯಲ್ಲವೆಂದು ಮೊದಲು ಮರುಗಿದವರು ಮೇಷ್ಟ್ರುಗಳೇ ಎಂಬುದು ನನಗೆ ಸಮಾಧಾನದ ಸಂಗತಿ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣ ಒಂದು ತಲೆಮಾರನ್ನೇ ಎಬ್ಬಿಸಿತು. ರನ್ನನ ಗದಾಯುದ್ಧವನ್ನು ಅವರು ರಂಗಕ್ಕೆಂದು 'ಗದಾಯುದ್ಧ ನಾಟಕಂ' ಆಗಿ ಅಳವಡಿಸಿದರು. ಹತ್ತನೆಯ ಶತಮಾನದ ಕವಿಯ ಮಾತುಗಳು ಮತ್ತೆ ಮನುಷ್ಯರ ಬಾಯಿಂದ ಗಟ್ಟಿಯಾಗಿ ಹೊರಡಬೇಕೆಂಬುದೇ ಅದರ ಉದ್ದೇಶವೆಂದು ನಾನು ಭಾವಿಸಿದ್ದೇನೆ. ಪಠ್ಯವನ್ನು ಕಣ್ಣಿನಿಂದ ಬಿಡಿಸಿ ಕಿವಿಗೆ ಒಪ್ಪಿಸಿದ ಕೆಲಸ ಅದು.

1915ರ ಮೇ 5ರಂದು ಸ್ಥಾಪನೆಯಾದ ಪರಿಷತ್ತಿಗೆ ಮುಂದೆ ಚಾಮರಾಜಪೇಟೆಯಲ್ಲಿ ಮನೆಯಾಯಿತು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿದರು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಆ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ಯರಿದ್ದರು. ಪಾಠ ಹೇಳಿದವರಲ್ಲಿ ಟಿ.ಎಸ್. ವೆಂಕಣ್ಣಯ್ಯನವರಿದ್ದರು. ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನೊಬ್ಬ ಕಾಲು ಶತಮಾನದ ಬಳಿಕ ತನ್ನ ಮಹಾಕಾವ್ಯವನ್ನು ಆ ಮೇಷ್ಟ್ರಿಗೇ ಅರ್ಪಿಸಿದ್ದನ್ನು ನಾವೆಲ್ಲ ಬಲ್ಲೆವು. ತರಗತಿಯಲ್ಲಿ ಓದಿದ ಕಾವ್ಯ ಮನಸ್ಸನ್ನು ಕೊಲ್ಲಲೇಬೇಕೆಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದೇ ಗುರುಪರಂಪರೆ ವಿದ್ಯಾರ್ಥಿಗಳಿಗಾಗಿ 'ಸಂಗ್ರಹ'ಗಳನ್ನು ಮಾಡಿತು. ತೀ.ನಂ.ಶ್ರೀ. ಅವರ 'ಗದಾಯುದ್ಧ ಸಂಗ್ರಹಂ' ನನ್ನ ಕೈಯಲ್ಲಿ ಸವೆದು ಹರಿದ ಪುಸ್ತಕ. ದೊಡ್ಡ ಕಾವ್ಯದ ಸಾರವನ್ನು ಎಳೆಯರ ಕೈಗೆ ನಿಲುಕಿಸುವ ಪ್ರಯತ್ನ ಅದು. ಹಾಗೆ ನೋಡಿದರೆ, ಸಂಗ್ರಹ ಬಂದ ಮೇಲೆ ಇಡೀ ಕಾವ್ಯ ಓದುವವರು ಕಡಿಮೆಯಾದರು ಎಂಬ ದೂರೂ ಇದೆ. ನಾನು ಆ ದೂರನ್ನು ಒಪ್ಪುವುದಿಲ್ಲ. ಸಂಗ್ರಹವೂ ಇಲ್ಲದಿದ್ದರೆ ಗೈಡ್ ಮಾತ್ರ ಉಳಿಯುತ್ತಿತ್ತು.

1950ರಲ್ಲಿ ಕೃಷ್ಣಶಾಸ್ತ್ರಿಗಳ 'ವಚನಭಾರತ' ಬಂತು. ಪರೀಕ್ಷೆಯ ಹಂಗಿಲ್ಲದೆ, ರಜೆಯಲ್ಲಿ ಅಟ್ಟದ ಮೇಲೆ ಮಲಗಿಕೊಂಡು ನಾನು ಓದಿದ ಮೊದಲ ದೊಡ್ಡ ಪುಸ್ತಕ ಅದೇ. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಸರ್ಕಾರವೇ ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ'ಯನ್ನು ಅಗ್ಗದ ಬೆಲೆಗೆ ಪ್ರಕಟಿಸಿತು. ನಮ್ಮ ತಂದೆ ಕೊಂಡ ಪ್ರತಿ ಈಗಲೂ ದೇವರಗೂಡಿನ ಪಕ್ಕದಲ್ಲಿದೆ. ಸೆಂಟ್ರಲ್ ಕಾಲೇಜಿನಲ್ಲಿ ಜಿ.ಪಿ. ರಾಜರತ್ನಂ ಅವರು ಕನ್ನಡ ಪುಸ್ತಕಗಳನ್ನು ತಾವೇ ಹೊತ್ತು ತಂದು ವಿದ್ಯಾರ್ಥಿಗಳಿಗೆ ಮಾರುತ್ತಿದ್ದುದನ್ನು ಕಂಡವರು ನಮ್ಮ ಪೀಳಿಗೆಯಲ್ಲಿ ಅನೇಕರಿದ್ದಾರೆ.

ಇಷ್ಟೆಲ್ಲ ಹಿರಿಯರ ನೆರಳಿನಲ್ಲಿ ಬೆಳೆದ ನಾನು 1968ರಲ್ಲಿ ಉಪಾಧ್ಯಾಯನಾದೆ. ಆದದ್ದೇನು? ವಾರಕ್ಕೆ ಇಷ್ಟು ಪೀರಿಯಡ್, ಮುಗಿಸಬೇಕಾದ ಪಾಠ ಇಷ್ಟು. ಕಂಠಪಾಠದ ಪದ್ಯಕ್ಕೆ ಅಂಕವಿತ್ತು, ಭಾವಾರ್ಥಕ್ಕೆ ಅಂಕವಿತ್ತು; ನಗುವಿಗೆ ಅಂಕವಿರಲಿಲ್ಲ. ಉತ್ತರಕುಮಾರನ ಪಾಠವನ್ನು ಒಮ್ಮೆಯೂ ಯಾರೂ ನಗದಂತೆ ಮಾಡಿ ಮುಗಿಸಿದ ವರ್ಷಗಳು ನನ್ನ ವೃತ್ತಿಯಲ್ಲಿವೆ. ಇಂದು ಯೋಚಿಸಿದರೆ ಅದು ಸಾಮಾನ್ಯ ಸಾಧನೆಯಲ್ಲ!

ಹುಡುಗರು ಓದುತ್ತಿರಲಿಲ್ಲವೆಂದಲ್ಲ. ಪಠ್ಯದ ಕೆಳಗೆ ತ.ರಾ.ಸು. ಇರುತ್ತಿದ್ದರು, ಹುಡುಗಿಯರ ಚೀಲದಲ್ಲಿ ತ್ರಿವೇಣಿ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದ ಪುಸ್ತಕ ತರಗತಿಯಲ್ಲೇ ಮೂರು ಕೈ ಬದಲಾಯಿಸುತ್ತಿತ್ತು. ಅಂಥ ಎಷ್ಟೋ ಕಾದಂಬರಿಗಳನ್ನು ನಾನು ವಶಪಡಿಸಿಕೊಂಡು, ಸಂಜೆ ಮನೆಯಲ್ಲಿ ಓದಿ, ಮರುದಿನ ಎಚ್ಚರಿಕೆ ಕೊಟ್ಟು ಹಿಂದಿರುಗಿಸಿದ್ದೇನೆ. (ಈಗ ಇದನ್ನು ಓದುತ್ತಿರುವ ಕೆಲವರಿಗೆ ತಮ್ಮ ಪುಸ್ತಕ ಒಂದು ದಿನ ತಡವಾಗಿ ಬಂದದ್ದೇಕೆಂದು ಈಗ ತಿಳಿದಿರಬಹುದು.)

ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾರೆ. ನಮ್ಮ ಮಲ್ಲೇಶ್ವರ, ಬಸವನಗುಡಿಗಳ ಮನೆಮಾತು ಕನ್ನಡವಾಗಿದ್ದ ಎಷ್ಟೋ ಮಕ್ಕಳು ಆಗ ಮೊದಲ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುತ್ತಿದ್ದರು. ಕಾಳಿದಾಸನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದವರು ಕೆಲವರೇ; ಅಂಕಕ್ಕಾಗಿ ಮಾಡಿದವರು ಬಹಳ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದಿತ್ತು. 1980ರಲ್ಲಿ ನೇಮಕವಾದ ಗೋಕಾಕ್ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. 1982ರ ಚಳವಳಿಯಲ್ಲಿ ಡಾ. ರಾಜಕುಮಾರ್ ಬೀದಿಗಿಳಿದಾಗ ನಾವು ಮೇಷ್ಟ್ರುಗಳೂ ಮೆರವಣಿಗೆಯಲ್ಲಿ ನಡೆದೆವು. ನನಗೆ ಆ ಚಳವಳಿಯ ಬಗ್ಗೆ ಇಂದಿಗೂ ಹೆಮ್ಮೆಯಿದೆ. ಆದರೆ ಅಂದು ಮನೆಗೆ ಬಂದು ಕಾಲು ತೊಳೆಯುವಾಗ ಒಂದು ಮುಜುಗರದ ಪ್ರಶ್ನೆ ಮೂಡಿತ್ತು: ಮಕ್ಕಳು ಕನ್ನಡ ಬಿಟ್ಟು ಓಡಿದ್ದು ಅಂಕಕ್ಕಾಗಿ ಮಾತ್ರವೇ, ಅಥವಾ ನನ್ನ ಪಾಠದಿಂದಲೂ ಓಡಿದರೆ?

ಆ ಪ್ರಶ್ನೆ ಎದ್ದ ಮೇಲೆ ನಾನು ಸ್ವಲ್ಪ ಬದಲಾದೆ. ಚಂದ್ರಹಾಸನ ಕಥೆಯಿಂದ ಆರಂಭ. ದುಷ್ಟಬುದ್ಧಿ ಬರೆದ ಓಲೆಯಲ್ಲಿ 'ವಿಷವ' ಎಂದಿದ್ದದ್ದನ್ನು ಅವನ ಮಗಳು 'ವಿಷಯೆಯ' ಎಂದು ತಿದ್ದುತ್ತಾಳೆ. ಕೊಲ್ಲಬೇಕಾದ ಓಲೆ ಮದುವೆಯ ಓಲೆಯಾಗುತ್ತದೆ. ವಿಭಕ್ತಿ ಪ್ರತ್ಯಯವನ್ನು ಅಲ್ಲಿಯವರೆಗೆ ಆಕಳಿಸುತ್ತ ಕೇಳಿದ ಮಕ್ಕಳು ಅಂದು ಕಿವಿ ನಿಮಿರಿಸಿದರು. ಒಂದೆರಡು ಅಕ್ಷರದಿಂದ ಒಬ್ಬನ ಪ್ರಾಣ ಉಳಿಯಿತು ಎಂದರೆ ವ್ಯಾಕರಣಕ್ಕೆ ಬೇರೆ ಶಿಫಾರಸು ಬೇಕಿಲ್ಲ.

ಇನ್ನೊಂದು ದಿನ ಹಳೆಯ ಕಾವ್ಯಗಳಲ್ಲಿ ಬರುವ 'ವೈಹಾಳಿ' ಎಂಬ ಮಾತನ್ನು ಹೇಳುತ್ತಿದ್ದೆ. ಅರಸರು ಕುದುರೆಯೇರಿ ಸವಾರಿ ಹೋಗುವುದು ಎಂದು ಅರ್ಥ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹಾಗಾದರೆ ನಮ್ಮ ವೈಯಾಲಿಕಾವಲ್?" ಎಂದಳು. ತರಗತಿ ಗದ್ದಲದಲ್ಲಿ ಮುಳುಗಿತು. ಕಾವಲ್ ಎಂದರೆ ಹುಲ್ಲುಗಾವಲು. ಕುದುರೆಗಳು, ಬಯಲು, ಅರಸರು. ದಿನವೂ ಬಸ್ಸಿನ ಬೋರ್ಡಿನಲ್ಲಿ ನೋಡುತ್ತಿದ್ದ ಹೆಸರು ಇದ್ದಕ್ಕಿದ್ದಂತೆ ಕಾವ್ಯದ ಮಾತಿನಂತೆ ಕೇಳಿಸಿತು. ಆ ಪೀರಿಯಡ್ಡಿನಲ್ಲಿ ಪಾಠ ಮುಂದುವರಿಯಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಆದರೆ ಇದೆಲ್ಲ ಅವರು ಶಾಲೆ ಬಿಟ್ಟು ವರ್ಷಗಳಾದ ಮೇಲೆ. ಅವರ ಪಾಲಿಗೆ ಬಂದದ್ದು ಮೊದಲಿನ ಮೇಷ್ಟ್ರೇ.

ಕಳೆದ ವಾರ ಅವರು ಮತ್ತೆ ಬಂದಿದ್ದರು. ಈ ಬಾರಿ ನಾನೇ ದೇವರಗೂಡಿನ ಪಕ್ಕದಿಂದ ತಂದೆಯವರ ಪುಸ್ತಕವನ್ನು ತೆಗೆದು ಅವರ ಮುಂದಿಟ್ಟೆ. "ನಿಮ್ಮ ತಾತ ಹೇಳಿಕೊಟ್ಟ ರಾಗದಲ್ಲಿಯೇ ಓದಿ" ಎಂದೆ. ಅವರು ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಬಹಳ ಮೆಲ್ಲಗೆ ಶುರುಮಾಡಿದರು. ಮೂರನೆಯ ಸಾಲಿನಲ್ಲಿ ತಡವರಿಸಿದರು. ಪದ ಎಲ್ಲಿ ಒಡೆಯಬೇಕೆಂದು ನಾನು ಹೇಳಲು ಹೊರಟೆ. ಅಷ್ಟರಲ್ಲಿ ಅಡಿಗೆಮನೆಯಿಂದ ನನ್ನಾಕೆ ಆ ಸಾಲನ್ನು ಎತ್ತಿಕೊಟ್ಟಳು. ಆಕೆಗೆ ಆ ಪದ್ಯ ಬರುತ್ತದೆಂದು ಇಷ್ಟು ವರ್ಷವೂ ನನಗೆ ಗೊತ್ತಿರಲಿಲ್ಲ.