ಎನ್‌ಡೋಲಾದ ಕಾಡಿಗೆ ಬಿದ್ದ ವಿಮಾನ

1961ರ ಸೆಪ್ಟೆಂಬರ್ 17ರ ನಡುರಾತ್ರಿ ಕಳೆದಿತ್ತು. ನಿಲ್ದಾಣದ ದೀಪಗಳು ಕಾಣುತ್ತಿವೆ ಎಂದು ತಿಳಿಸಿದ ಡಿಸಿ-6 ವಿಮಾನ ಮತ್ತೆ ಮಾತಾಡಲಿಲ್ಲ. ಅದರಲ್ಲಿದ್ದವರು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್. ಕಾಂಗೋದಿಂದ ಬೇರೆಯಾಗಿ ನಿಂತ ಕಟಾಂಗಾದ ನಾಯಕ ಶೋಂಬೆಯೊಡನೆ ಕದನವಿರಾಮದ ಮಾತುಕತೆಗೆಂದು ಉತ್ತರ ರೊಡೇಷಿಯಾದ, ಅಂದರೆ ಇಂದಿನ ಜಾಂಬಿಯಾದ, ಎನ್‌ಡೋಲಾಗೆ ಹೊರಟಿದ್ದರು.

ಕಾಡಿಗೆ ಬಿದ್ದ ಆ ವಿಮಾನದಲ್ಲಿದ್ದ ಹದಿನಾರು ಮಂದಿಯಲ್ಲಿ ಜೀವಂತ ಸಿಕ್ಕವನು ಒಬ್ಬ ಭದ್ರತಾ ಸಿಬ್ಬಂದಿ ಮಾತ್ರ. ಮೈಯೆಲ್ಲ ಸುಟ್ಟಿದ್ದ ಆತ ಆಸ್ಪತ್ರೆಯಲ್ಲಿ ಆಕಾಶದಲ್ಲಿ ಕಿಡಿಗಳು ಹಾರಿದ್ದನ್ನು ಹೇಳಿ, ಕೆಲವೇ ದಿನಗಳಲ್ಲಿ ತೀರಿಕೊಂಡ.

ರೊಡೇಷಿಯಾದ ವಿಚಾರಣಾ ಆಯೋಗ ಪೈಲಟ್‌ನ ತಪ್ಪೆಂದಿತು: ವಿಮಾನ ಇಳಿಯಬೇಕಾದ್ದಕ್ಕಿಂತ ಕೆಳಗೆ ಬಂದು ಮರಗಳಿಗೆ ತಾಗಿತ್ತು. ಕತ್ತಲಲ್ಲಿ ಅಂಥ ಎಡವಟ್ಟು ಅಸಾಧ್ಯವೇನಲ್ಲ. ಆದರೆ ಇನ್ನೊಂದು ವಿಮಾನ ಕಂಡೆವೆಂದ, ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದ ಆಫ್ರಿಕನ್ನರ ಸಾಕ್ಷ್ಯವನ್ನು ಆಯೋಗ ತಳ್ಳಿಹಾಕಿತು. ಇದು ದೊಡ್ಡ ಅನ್ಯಾಯ. ಸಂಚಿನ ಕಥೆಗಳು ಬೆಳೆದದ್ದು ಈ ಉಪೇಕ್ಷೆಯ ನೆಲದಲ್ಲೇ.

1962ರಲ್ಲಿ ವಿಶ್ವಸಂಸ್ಥೆಯ ಆಯೋಗ ಯಾವ ಕಾರಣವನ್ನೂ ಖಚಿತಪಡಿಸಲಿಲ್ಲ, ಯಾವುದನ್ನೂ ಅಲ್ಲಗಳೆಯಲೂ ಇಲ್ಲ. ಇತಿಹಾಸಕಾರ್ತಿ ಸೂಸನ್ ವಿಲಿಯಮ್ಸ್ ಈ ಸಾವಿನ ಬಗ್ಗೆ 2011ರಲ್ಲಿ ಬರೆದ ಪುಸ್ತಕದ ಬಳಿಕ ಕಡತ ಮತ್ತೆ ತೆರೆಯಿತು. ವಿಶ್ವಸಂಸ್ಥೆಯ ಪರವಾಗಿ ಮರುಪರಿಶೀಲನೆ ನಡೆಸಿದ ತಾಂಜಾನಿಯಾದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೊಹಮದ್ ಚಾಂಡೆ ಓಥ್ಮನ್ 2017ರ ವರದಿಯಲ್ಲಿ ಹೊರಗಿನ ದಾಳಿ ಅಥವಾ ಬೆದರಿಕೆ ಕಾರಣವಾಗಿರುವುದು ಸಂಭವನೀಯ ಎಂದರು. ಗುಪ್ತಚರ ದಾಖಲೆಗಳನ್ನು ಹುಡುಕಿ ಕೊಡುವಂತೆ ಬ್ರಿಟನ್, ಅಮೆರಿಕ ಸೇರಿದಂತೆ ಹಲವು ದೇಶಗಳನ್ನು ಕೇಳಿದರು.