ಕೃಪಾಂಕವೂ ಕೃಪೆಯೂ

ಪ್ರೌಢಶಾಲೆಯಲ್ಲಿ ಓದಿದವರಿಗೆಲ್ಲ ‘ಕೃಪಾಂಕ’ವೆಂಬ ಮಾತು ಪರಿಚಿತವೇ. ಮೂರ್ನಾಲ್ಕು ಅಂಕಗಳ ಕೊರತೆಯಿಂದ ಅನುತ್ತೀರ್ಣನಾಗುವ ಹುಡುಗನನ್ನು ದಡ ಸೇರಿಸುವ ಉಪಾಯವದು. ಆದರೆ ಸೊನ್ನೆ ತೆಗೆದವನಿಗೆ ಅದು ದೊರೆಯದು. ದಡದ ಸಮೀಪದವರೆಗಾದರೂ ಅವನು ಈಜಿ ಬಂದಿರಬೇಕು. ಕ್ರೈಸ್ತರು ಹೇಳುವ ಕೃಪೆ ಇದಕ್ಕೆ ತೀರ ಭಿನ್ನವಾದುದು. ಅದು ಸೊನ್ನೆಯವನಿಗೇ ಮೀಸಲು. ಸಂತ ಪೌಲನ ಪತ್ರಗಳ ತಿರುಳೂ ಇದೇ; ಕ್ಷಮೆಯನ್ನು ಪತ್ರಕ್ಕಿಷ್ಟೆಂದು ಮಾರುತ್ತಿದ್ದ ವ್ಯವಹಾರವನ್ನು 1517ರಲ್ಲಿ ಮಾರ್ಟಿನ್ ಲೂಥರನು ಖಂಡಿಸಿದ್ದರ ಹಿಂದಿನ ವಿಚಾರವೂ ಇದೇ.

ಲೂಕನ ಸುವಾರ್ತೆಯಲ್ಲಿ ಆಸ್ತಿಯನ್ನು ಹಾಳುಮಾಡಿಕೊಂಡು ಮರಳಿದ ಕಿರಿಯ ಮಗನ ಕಥೆಯಿದೆ. ಅವನು ಕ್ಷಮೆ ಬೇಡುವ ಮಾತುಗಳನ್ನು ದಾರಿಯಲ್ಲಿಯೇ ಸಿದ್ಧಪಡಿಸಿಕೊಂಡು ಬರುತ್ತಾನೆ. ಅವನ್ನು ಒಪ್ಪಿಸುವ ಮೊದಲೇ ತಂದೆ ಓಡಿಬಂದು ತಬ್ಬಿಕೊಳ್ಳುತ್ತಾನೆ. ಹೊಲದಲ್ಲಿ ದುಡಿಯುತ್ತಿದ್ದ ಹಿರಿಯ ಮಗನಿಗೆ ಸಿಟ್ಟು ಬರುತ್ತದೆ. ಜೀವನಪೂರ್ತಿ ಅಂಕ ಹಾಕಿದ ನನಗೆ ಆ ಹಿರಿಯನ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ.

ಈ ವಿಚಾರ ನಮ್ಮ ಸೀಮೆಗೆ ಬಂದದ್ದು ಬಾಸೆಲ್ ಮಿಶನ್ನಿನವರ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಅವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಮುಂದುವರಿದರು. ಬೆಟಗೇರಿಯ ನೇಕಾರರ ಓಣಿಗಳ ನಡುವೆ, ಗಳಿಸಬೇಕಿಲ್ಲದ ಕ್ಷಮೆಯ ಮಾತನ್ನು ಕನ್ನಡದಲ್ಲಿ ಹೇಳತೊಡಗಿದರು. ಶರಣರ ‘ಪ್ರಸಾದ’ವನ್ನು ಅರಿತಿದ್ದ ಜನಕ್ಕೆ ಇದು ಪೂರ್ತಿ ಹೊಸದಾಗಿರಲಾರದು. ಆದರೆ ಪೂಜೆ, ಹರಕೆ, ದಾನಗಳಲ್ಲಿ ಯಾವುದೂ ಲೆಕ್ಕಕ್ಕೆ ಬಾರದೆಂಬ ಮಾತನ್ನು ನಂಬುವುದು ಕಷ್ಟವಾಗಿರಬೇಕು.

ಅದೇ ಕಾಲದಲ್ಲಿ ಸರಕಾರದ ಕ್ಷಮೆಯೂ ಒಂದು ಬಂದಿತು. 1858ರಲ್ಲಿ ಮುಂಡರಗಿಯ ಭೀಮರಾಯರು ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದರು. ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷದ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ಅದರಲ್ಲಿ ಕ್ಷಮೆಯೂ ಇತ್ತು, ಷರತ್ತುಗಳೂ ಇದ್ದವು: ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರ ಭಾಗಿಯಾದವರಿಗೆ ಅದಿಲ್ಲ, ಉಳಿದವರು ಗೊತ್ತಾದ ದಿನದೊಳಗೆ ಶಸ್ತ್ರ ಕೆಳಗಿಟ್ಟು ಮನೆಗೆ ಮರಳಬೇಕು. ರಾಜ್ಯವಾಳುವವರು ಹೀಗಲ್ಲದೆ ಇನ್ನು ಹೇಗೆ ಕ್ಷಮಿಸಿಯಾರು? ಅದು ಕೃಪಾಂಕದ ಜಾತಿಯದು.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876–78ರಲ್ಲಿ, ಪ್ರಶ್ನೆ ಇನ್ನೂ ಕಠಿಣವಾಯಿತು. ಸರಕಾರದ ಪರಿಹಾರ ಬಹುಮಟ್ಟಿಗೆ ದುಡಿಮೆಗೆ ಕಟ್ಟುಬಿದ್ದಿತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಕಲ್ಲು ಒಡೆಯಲಾರದಷ್ಟು ಬಡಕಲಾದವನೂ ತನ್ನ ಅನ್ನವನ್ನು ಗಳಿಸಿಯೇ ತೋರಿಸಬೇಕಾಗಿತ್ತು. ಮುಂಬಯಿ ಪ್ರಾಂತದಲ್ಲಿ ಕೆಲವು ಕಡೆ ಕೂಲಿಗಳು ಕೆಲಸ ಬಿಟ್ಟು ಪ್ರತಿಭಟಿಸಿದರು.

ಮಿಶನ್ನಿನವರು ಅನಾಥ ಮಕ್ಕಳನ್ನು ಸಾಕಿಕೊಂಡರು. ಗಂಜಿ ಕೊಟ್ಟು ಜಾತಿ ಕೆಡಿಸಿದರೆಂಬ ಆಪಾದನೆ ಬಂತು. ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಹಸಿದವನ ಒಪ್ಪಿಗೆ ಸ್ವತಂತ್ರವಾದ ಒಪ್ಪಿಗೆಯಲ್ಲ. ಮಿಶನ್ನಿನವರಿಗೂ ಆ ಸಂಶಯವಿತ್ತು. ಆದ್ದರಿಂದಲೇ ದೀಕ್ಷಾಸ್ನಾನಕ್ಕೆ ಬಂದ ವಯಸ್ಕರಿಗೆ ಮೊದಲು ಪಾಠ ಹೇಳಿ, ನಡತೆಯನ್ನು ಪರೀಕ್ಷಿಸುತ್ತಿದ್ದರು; ಸಭೆಯಲ್ಲಿ ತಪ್ಪಿ ನಡೆದವರನ್ನು ಶಿಸ್ತಿಗೆ ಒಳಪಡಿಸುತ್ತಿದ್ದರು. ಹೀಗೆ, ಯೋಗ್ಯತೆ ಕೇಳದ ಕೃಪೆಯನ್ನು ಸಾರಿದವರೇ ಬಾಗಿಲಲ್ಲಿ ಯೋಗ್ಯತೆಯನ್ನು ವಿಚಾರಿಸಬೇಕಾಯಿತು! ಇದನ್ನು ಕಪಟವೆಂದು ನಾನು ಕರೆಯುವುದಿಲ್ಲ. ಕೃಪೆಗೆ ಲೆಕ್ಕದ ಪುಸ್ತಕ ಬೇಡ, ಆದರೆ ಸಂಸ್ಥೆಗೆ ಬೇಕು.

ಇನ್ನು, ಪರೀಕ್ಷೆಯಿಲ್ಲದೆ ಒಳಗೆ ಬಂದವು ಆ ಅನಾಥ ಕೂಸುಗಳು. ಅವುಗಳ ಹತ್ತಿರ ಹಸಿವೊಂದನ್ನು ಬಿಟ್ಟರೆ ಕೊಡಲು ಬೇರೇನೂ ಇರಲಿಲ್ಲ. ಬೆಟಗೇರಿಯಲ್ಲಿ ನಮ್ಮ ಜನ ‘ಜರ್ಮನ್ ದವಾಖಾನೆ’ ಎಂದು ಕರೆಯುವ ಆಸ್ಪತ್ರೆಯೂ ಅದೇ ಮಿಶನ್ನಿನ ಪರಂಪರೆಯದು.