ಮೆಡೋಸ್ ಟೇಲರ್ ಮತ್ತು ಸುರಪುರ: ಕಾದಂಬರಿಕಾರನ ಸಾಕ್ಷ್ಯ

1858ರಲ್ಲಿ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಸಿಕ್ಕಿ ಮಡಿದ ವೃತ್ತಾಂತವನ್ನು ಬರೆದವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಫಿಲಿಪ್ ಮೆಡೋಸ್ ಟೇಲರನಿಗೆ ಋಣಿಗಳು. ಆತನು ಆ ಸಂಸ್ಥಾನದ ಆಡಳಿತಗಾರನೂ ಹೌದು, ವಿಖ್ಯಾತ ಕಾದಂಬರಿಕಾರನೂ ಹೌದು. ಈ ಎರಡನೆಯ ಸಂಗತಿಯನ್ನು ನಮ್ಮ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಭಾವನೆ.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರನು 1824ರಲ್ಲಿ ಮುಂಬಯಿಗೆ ಬಂದು, ಅದೇ ವರ್ಷ ನಿಜಾಮನ ಸೈನ್ಯವನ್ನು ಸೇರಿದನು. ಕೊಂಡಾಪುರದಲ್ಲಿ ಕುಳಿತು ಈ ಸಾಲುಗಳನ್ನು ಬರೆಯುವವನಿಗೆ ಆತನು ಪರಕೀಯನಾಗಿ ತೋರುವುದಿಲ್ಲ. ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರನ ಮಗಳನ್ನು ವರಿಸಿ ಈ ನಗರದ ಅಳಿಯನಾದವನು ಆತ. 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಆತನಿಗೆ ಇಂಗ್ಲೆಂಡಿನಲ್ಲಿ ಕೀರ್ತಿ ತಂದಿತು. ‘ಟಿಪ್ಪು ಸುಲ್ತಾನ್’, ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಅನಂತರದವು. ಕೊನೆಯ ಮೂರೂ ಕ್ರಮವಾಗಿ 1657, 1757, 1857ರ ಕಾಲವನ್ನು ಕುರಿತವು.

ಅರಸು ಬಾಲಕನಾಗಿದ್ದಾಗ, 1840ರ ದಶಕದ ಆರಂಭದಲ್ಲಿ, ಸುರಪುರದ ಹೊಣೆ ಟೇಲರನಿಗೆ ಬಂದಿತು. ಆಡಳಿತವನ್ನು 1853ರಲ್ಲಿ ಅರಸನಿಗೊಪ್ಪಿಸುವವರೆಗೆ ಆತನು ಅಲ್ಲಿದ್ದನು. ಜೇವರ್ಗಿ, ರಾಜನಕೋಳೂರು ಪರಿಸರದ ಬೃಹತ್ ಶಿಲಾಸಮಾಧಿಗಳನ್ನು ಶೋಧಿಸಿದ್ದು ಈ ನಂಟಿನ ಫಲ. ಬಾಲಕನು ತನ್ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಈ ಆತ್ಮಕಥೆಯೇ ನಮ್ಮ ತೊಡಕು. ಸೆರೆಯಲ್ಲಿದ್ದ ಅರಸನ ಭೇಟಿ, ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷಗಳ ಬಂಧನವಾದದ್ದು, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಆತನು ಮಡಿದದ್ದು, ಇಪ್ಪತ್ತನಾಲ್ಕನೆಯ ವಯಸ್ಸಿನ ಸಾವನ್ನು ಜಾತಕ ಮೊದಲೇ ನುಡಿದಿತ್ತೆಂಬ ಮಾತು: ಎಲ್ಲವೂ ನುರಿತ ಕಥನಕಾರನ ಕೈಯಲ್ಲಿ ಒಂದಕ್ಕೊಂದು ಹೊಂದಿ ದುರಂತವಾಗಿ ಮೈದಳೆದಿವೆ. ಸಾವಿನ ಸ್ಥಳದಲ್ಲಿ ಟೇಲರನಿರಲಿಲ್ಲ. ಅಲ್ಲದೆ ಜಾತಕ ಕಥೆಯ ಕೇಂದ್ರಕ್ಕೆ ಬಂದೊಡನೆ ಬಂಡಾಯದ ರಾಜಕೀಯ ಕಾರಣಗಳು ಅಂಚಿಗೆ ಸರಿಯುತ್ತವೆ. ಅರಸನು ದುರ್ಬೋಧನೆಗೆ ಬಲಿಯಾದ ತರುಣನಾಗಿ ಉಳಿಯುತ್ತಾನೆ. ಸುರಪುರದ ಜನ ನೆನೆಯುವುದು ಬೇರೊಬ್ಬ ವೆಂಕಟಪ್ಪ ನಾಯಕನನ್ನು.

ಟೇಲರನು ಸುಳ್ಳು ಹೇಳಿದನೆಂದು ನನ್ನ ವಾದವಲ್ಲ. ಆತನ ಶೋಕ ನಿಜವಾದುದೆಂದೇ ತೋರುತ್ತದೆ. ಆದರೆ ಕುಮಾರರಾಮನ ಸಾಂಗತ್ಯಗಳನ್ನು ಓದುವಾಗ ಕಥನದ ರೂಢಿ ಯಾವುದು, ಸಂಗತಿ ಯಾವುದು ಎಂದು ನಾವು ಬಿಡಿಸಿ ನೋಡುವುದಿಲ್ಲವೆ? ಇಂಗ್ಲಿಷ್ ಗದ್ಯಕ್ಕೆ ಮಾತ್ರ ಆ ಪರೀಕ್ಷೆಯಿಂದ ವಿನಾಯಿತಿ ಏಕೆ? ಹೊರನಾಡಿನ ಪತ್ರಾಗಾರಗಳಲ್ಲಿ ದುಡಿಯುವ ಸಂಶೋಧಕರು ಟೇಲರನ ಪುಟಗಳನ್ನು ಅಂದಿನ ಸರಕಾರಿ ಪತ್ರವ್ಯವಹಾರದೊಡನೆ ಸಾಲುಸಾಲಾಗಿ ಹೋಲಿಸುವುದು ಅಗತ್ಯ.

1860ರಲ್ಲಿ ಸುರಪುರವು ನಿಜಾಮನ ವಶವಾಯಿತು. ಅದೇ ವರ್ಷ ಟೇಲರನೂ ನಿವೃತ್ತನಾದನು. 1876ರಲ್ಲಿ ಆತನು ತೀರಿಕೊಂಡ ಮರುವರ್ಷ ಆತ್ಮಕಥೆ ಅಚ್ಚಾಯಿತು. ಇನ್ನು 1872ರಲ್ಲಿ ಬಂದ ‘ಸೀತಾ’: ಬಂಡಾಯವನ್ನೇ ಕುರಿತ ಆ ಕಾದಂಬರಿಯ ನೆಲ ಸುರಪುರವಲ್ಲ.